ಕಡಲಾಚೆಗೆ ಒಂದು ಹಳದಿ ಚೀಟಿ

ಬಿಳಿಗಿರಿರಂಗನ ಬೆಟ್ಟದ ದೇವಾಲಯದಲ್ಲಿ ದೇವರ ಪಾದರಕ್ಷೆಗಳಿವೆ. ಮನುಷ್ಯನ ಕಾಲಿಗೆ ಒಪ್ಪದಷ್ಟು ದೊಡ್ಡದಾದ ಚರ್ಮದ ಜೋಡು. ತಪ್ಪಲಿನ ಊರಿನ ಭಕ್ತರು ಎರಡು ವರ್ಷಕ್ಕೊಮ್ಮೆ ಹೊಸದನ್ನು ಹೊಲಿದು ತಂದು ಒಪ್ಪಿಸುತ್ತಾರೆ. ರಂಗಪ್ಪನು ಇದನ್ನು ಮೆಟ್ಟಿಕೊಂಡು ಕಾಡು ಸುತ್ತುತ್ತಾನೆ, ಅದರಿಂದಲೇ ಅಟ್ಟೆ ಸವೆಯುತ್ತದೆ ಎಂಬುದು ಜನರ ನಂಬಿಕೆ. ದರ್ಶನಕ್ಕೆ ಹೋದವರ ತಲೆಗೆ ಆ ಜೋಡನ್ನು ಮುಟ್ಟಿಸಿ ಹರಸುವ ಪದ್ಧತಿಯುಂಟು. ನಮ್ಮ ಬೀದಿಯ ಕೆಲವು ಮನೆಗಳವರು ದೂರದ ಊರಿಗೆ ಹೊರಡುವಾಗ ತಪ್ಪದೆ ಬೆಟ್ಟ ಹತ್ತಿ ಈ ಹರಕೆಯನ್ನು ಪಡೆದು ಬರುತ್ತಾರೆ. ನಡೆದು ನಡೆದು ಜೋಡು ಸವೆಸಿದ ದೇವರಿಗಿಂತ ದಾರಿಯ ಕಷ್ಟವನ್ನು ಬಲ್ಲವರು ಬೇರೆ ಯಾರಿದ್ದಾರು?

ಹೋದ ವರ್ಷ ನಮ್ಮ ನೆರೆಮನೆಯ ತರುಣನೊಬ್ಬನು ಹೀಗೆಯೇ ಬೆಟ್ಟಕ್ಕೆ ಹೋಗಿಬಂದನು. ಯಳಂದೂರಿನ ಶಾಲೆಯಲ್ಲಿ ಅವನು ನನ್ನ ವಿದ್ಯಾರ್ಥಿಯಾಗಿದ್ದವನು. ಮುಂದೆ ಕಾಫಿಬೀಜವನ್ನು ಹದಮಾಡುವ ಕೆಲಸದಲ್ಲಿ ಪಳಗಿ, ಉಗಾಂಡ ದೇಶದ ಕಂಪಾಲಾ ಪಟ್ಟಣದಲ್ಲಿ ಒಂದು ಉದ್ಯೋಗವನ್ನು ಸಂಪಾದಿಸಿಕೊಂಡಿದ್ದನು. ಪಾಸ್‌ಪೋರ್ಟು ಬಂದಿತು, ವೀಸಾ ಬಂದಿತು, ವಿಮಾನದ ಟಿಕೆಟ್ಟೂ ಕೈಸೇರಿತು. ಪ್ರಯಾಣಕ್ಕೆ ಇನ್ನು ಎಂಟೇ ದಿನ ಉಳಿದಿರುವಾಗ ಅವನಿಗೆ ಒಂದು ಸಂಗತಿ ತಿಳಿಯಿತು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡದ್ದಕ್ಕೆ ಪ್ರಮಾಣಪತ್ರವಿಲ್ಲದೆ ಉಗಾಂಡದ ಒಳಕ್ಕೆ ಬಿಡುವುದಿಲ್ಲ. ಆ ಪತ್ರಕ್ಕೆ ಸಿಂಧುತ್ವ ಬರುವುದಾದರೋ ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆ. ಎಂಟರಿಂದ ಹತ್ತನ್ನು ಕಳೆಯುವ ಲೆಕ್ಕವನ್ನು ನಾನು ಅವನಿಗೆ ಕಲಿಸಿರಲಿಲ್ಲ.

ಟಿಕೆಟ್ಟು ಕೊಡಿಸಿದ ಏಜೆಂಟನು ಈ ಲೆಕ್ಕವನ್ನು ಬಿಡಿಸಲು ತಾನೊಂದು ದಾರಿ ಬಲ್ಲೆನೆಂದನಂತೆ. ಸೂಜಿಯ ಗೋಜಿಲ್ಲದೆ, ಹಿಂದಿನ ತಾರೀಖು ಹಾಕಿ ಮುದ್ರೆ ಒತ್ತಿದ ಹಳದಿ ಚೀಟಿಯನ್ನು ತರಿಸಿಕೊಡುವೆನೆಂದೂ, ಅದಕ್ಕೆ ಇಂತಿಷ್ಟು ಹಣವಾಗುವುದೆಂದೂ ಹೇಳಿದನು. ಹುಡುಗ ಆ ಸಂಜೆ ನಮ್ಮ ಜಗಲಿಗೆ ಬಂದು ಕುಳಿತು, "ಮೇಷ್ಟ್ರೇ, ನನಗೆ ಜ್ವರ ಬಂದರೆ ಅದು ನನ್ನ ಪಾಡು. ಒಂದು ಕಾಗದ ಹೀಗಿದ್ದರೇನು, ಹಾಗಿದ್ದರೇನು? ಇದರಿಂದ ಯಾರಿಗೆ ನಷ್ಟ?" ಎಂದು ಕೇಳಿದನು. ಅವನ ಹಿಂದೆಯೇ ಬಂದ ಅವನ ಅಜ್ಜಿ ಇನ್ನೊಂದು ಪ್ರಶ್ನೆ ಹಾಕಿದಳು: "ಚೆಂದಾಗಿರೋ ಮೈಗೆ ಸೂಜಿ ಯಾಕೆ ಮೇಷ್ಟ್ರೇ? ಕಾಯ್ಲೆ ಬಂದೋರ್ಗಲ್ವಾ ಮದ್ದು?"

ಎರಡು ಪ್ರಶ್ನೆಗಳೂ ಪ್ರಾಮಾಣಿಕವಾದುವು. ನಾನು ವೈದ್ಯನಲ್ಲ, ಮೇಷ್ಟರ ಕೆಲಸ ಮಾಡಿ ನಿವೃತ್ತನಾದವನು. ಆದರೂ ಓದಿ ತಿಳಿದಷ್ಟನ್ನು ಅಜ್ಜಿ ಮೊಮ್ಮಕ್ಕಳಿಗೆ ಆ ರಾತ್ರಿ ಹೇಳಿದೆನು. ಅದನ್ನೇ ವಾಚಕರ ಮುಂದೆಯೂ ಇಡುತ್ತಿದ್ದೇನೆ. ನಮ್ಮ ಹಳ್ಳಿಗಳ ಮಕ್ಕಳು ಕಡಲಾಚೆಗೆ ಹೋಗುವುದು ಈಗ ವಿಶೇಷವಲ್ಲ. ಈ ಪ್ರಶ್ನೆಗಳು ಇನ್ನು ಎಷ್ಟೋ ಜಗಲಿಗಳ ಮೇಲೆ ಹುಟ್ಟಬಹುದು.

ಹಳದಿ ಜ್ವರವು ಆಫ್ರಿಕ ಮತ್ತು ದಕ್ಷಿಣ ಅಮೆರಿಕ ಖಂಡಗಳ ಉಷ್ಣಪ್ರದೇಶದ ರೋಗ. ಸೊಳ್ಳೆಯ ಕಡಿತದಿಂದ ಮೈಸೇರುವ ಒಂದು ವೈರಸ್ಸು ಇದಕ್ಕೆ ಕಾರಣ. ಕಚ್ಚಿದ ಮೂರರಿಂದ ಆರು ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಬಹುಮಂದಿ ಅಷ್ಟರಲ್ಲೇ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಒಂದೆರಡು ದಿನ ಬಿಟ್ಟು ಜ್ವರ ಮರುಕಳಿಸುತ್ತದೆ. ಯಕೃತ್ತು ಕೆಟ್ಟು ಮೈ ಕಣ್ಣು ಹಳದಿಯಾಗುತ್ತವೆ. ಬಾಯಿ ಮೂಗುಗಳಿಂದ ರಕ್ತ ಬರುತ್ತದೆ. ಆ ಅವಸ್ಥೆಗೆ ಹೋದವರಲ್ಲಿ ಅರ್ಧದಷ್ಟು ಮಂದಿ ಏಳೆಂಟು ಹತ್ತು ದಿನಗಳೊಳಗೆ ತೀರಿಕೊಳ್ಳುತ್ತಾರೆ. ಬಂದ ಮೇಲೆ ಗುಣಪಡಿಸುವ ನಿಶ್ಚಿತವಾದ ಔಷಧವಿಲ್ಲ. ಬಾರದಂತೆ ತಡೆಯುವ ಮದ್ದು ಮಾತ್ರ ಉತ್ತಮವಾದುದಿದೆ. ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ೧೯೩೭ರಲ್ಲಿ ಸಿದ್ಧವಾದ ಲಸಿಕೆಯೇ ಇಂದಿಗೂ ಬಳಕೆಯಲ್ಲಿದೆ. ಆ ಕೆಲಸಕ್ಕಾಗಿ ಅವನಿಗೆ ೧೯೫೧ರಲ್ಲಿ ನೊಬೆಲ್ ಬಹುಮಾನ ಬಂದಿತು. ಒಂದು ಸಲ ಚುಚ್ಚಿಸಿಕೊಂಡರೆ ಸಾಕು. ಹಿಂದೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕೆಂಬ ನಿಯಮವಿತ್ತು. ೨೦೧೬ರ ಜುಲೈ ೧೧ರಿಂದ ಅಂತರರಾಷ್ಟ್ರೀಯ ನಿಯಮದಂತೆ ಆ ಚೀಟಿ ಜೀವಾವಧಿಗೆ ಸಲ್ಲುತ್ತದೆ.

"ಹಾಗಿದ್ದರೆ ಇದು ನನ್ನ ರಕ್ಷಣೆಗೇ ಆಯಿತಲ್ಲ" ಎಂದನು ಹುಡುಗ. ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ತಿಳಿಯಬೇಕಾದರೆ ನಮ್ಮದೇ ಹಿತ್ತಲನ್ನು ನೋಡಬೇಕು.

ಹಳದಿ ಜ್ವರವನ್ನು ಊರು ಕೇರಿಗಳಲ್ಲಿ ಹರಡುವ ಸೊಳ್ಳೆಗೆ ಈಡಿಸ್ ಈಜಿಪ್ಟಿ ಎಂದು ಹೆಸರು. ಹಗಲಿನಲ್ಲಿ ಕಚ್ಚುವ, ಕಾಲಿನ ಮೇಲೆ ಬಿಳಿಯ ಪಟ್ಟೆಗಳುಳ್ಳ ಸೊಳ್ಳೆ ಅದು. ಆಫ್ರಿಕಕ್ಕೆ ಹೋಗಿ ಅದನ್ನು ನೋಡಬೇಕಾಗಿಲ್ಲ. ನಮ್ಮ ನೀರಿನ ತೊಟ್ಟಿಯಲ್ಲಿ, ಬಿಸಾಡಿದ ತೆಂಗಿನ ಚಿಪ್ಪಿನಲ್ಲಿ, ಹಳೆಯ ಟೈರಿನಲ್ಲಿ ಅದು ಮೊಟ್ಟೆಯಿಡುತ್ತಿದೆ; ಮಳೆಗಾಲ ಕಳೆಯುವ ಹೊತ್ತಿಗೆ ನಮಗೆ ಡೆಂಗಿ ಜ್ವರವನ್ನು ಹಂಚುವುದು ಅದೇ ಸೊಳ್ಳೆ. ಸೊಳ್ಳೆಯಿದೆ, ಆ ರೋಗವನ್ನು ಎಂದೂ ಕಾಣದ, ಅದಕ್ಕೆ ಪ್ರತಿಯಾಗಿ ಯಾವ ಲಸಿಕೆಯನ್ನೂ ಹಾಕಿಸಿಕೊಳ್ಳದ ಕೋಟ್ಯಂತರ ಜನರಿದ್ದಾರೆ. ಹಳದಿ ಜ್ವರ ನಮ್ಮ ದೇಶದಲ್ಲಿ ಈವರೆಗೆ ನೆಲೆಯೂರಿಲ್ಲ. ಒಲೆಯಲ್ಲಿ ಸೌದೆಯನ್ನು ಒಟ್ಟಿಯಾಗಿದೆ, ಕಿಡಿ ಮಾತ್ರ ಬಿದ್ದಿಲ್ಲ. ವೈರಸ್ಸನ್ನು ರಕ್ತದಲ್ಲಿ ಹೊತ್ತ ಒಬ್ಬ ಪ್ರಯಾಣಿಕನು, ತನಗೆ ಜ್ವರ ಕಾಣಿಸುವ ಮೊದಲೇ, ವಿಮಾನದಿಂದಿಳಿದು ಊರು ಸೇರಿ ಜಗಲಿಯ ಮೇಲೆ ಕುಳಿತರೆ ಆ ಕಿಡಿ ಬೀಳಬಹುದು. ಆದುದರಿಂದಲೇ ಆ ಪ್ರದೇಶಗಳಿಂದ ಚೀಟಿಯಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸುವ ಅಧಿಕಾರವನ್ನು ನಮ್ಮ ಸರ್ಕಾರ ಇಟ್ಟುಕೊಂಡಿದೆ. ಸೊಳ್ಳೆ ಕಚ್ಚಿದ್ದರೆ ಆರು ದಿನಗಳಲ್ಲಿ ಅದು ಹೊರಬೀಳಲೇಬೇಕೆಂಬುದು ಇದರ ಲೆಕ್ಕ.

ಈ ನಿಯಮದ ಬಿಸಿ ನಮ್ಮ ನಾಡಿನವರಿಗೇ ತಟ್ಟಿದ ಒಂದು ಪ್ರಸಂಗ ಈಚೆಗೆ ನಡೆಯಿತು. ಹುಣಸೂರು, ಶಿವಮೊಗ್ಗ, ದಾವಣಗೆರೆಯ ಕಡೆಯ ಹಕ್ಕಿಪಿಕ್ಕಿ ಜನರು ಗಿಡಮೂಲಿಕೆಯ ಎಣ್ಣೆಗಳನ್ನು ಹೊತ್ತು ಆಫ್ರಿಕದ ಪಟ್ಟಣಗಳಿಗೆ ವ್ಯಾಪಾರಕ್ಕೆ ಹೋಗುವುದುಂಟು. ೨೦೨೩ರ ಏಪ್ರಿಲಿನಲ್ಲಿ ಸೂಡಾನ್ ದೇಶದಲ್ಲಿ ಅಂತರ್ಯುದ್ಧ ಸಿಡಿದಾಗ ಅವರಲ್ಲಿ ಹಲವರು ಗುಂಡಿನ ನಡುವೆ ಸಿಕ್ಕಿಬಿದ್ದರು. 'ಆಪರೇಷನ್ ಕಾವೇರಿ' ಎಂಬ ಹೆಸರಿನಲ್ಲಿ ಭಾರತ ಸರ್ಕಾರವು ತನ್ನ ಪ್ರಜೆಗಳನ್ನು ಅಲ್ಲಿಂದ ಬಿಡಿಸಿ ತಂದಿತು. ಜೀವ ಉಳಿಸಿಕೊಂಡು ಬೆಂಗಳೂರಿನ ನೆಲವನ್ನು ಮುಟ್ಟಿದವರಲ್ಲಿ ಕೆಲವರ ಬಳಿ ಹಳದಿ ಜ್ವರದ ಚೀಟಿ ಇರಲಿಲ್ಲ. ಅವರನ್ನು ಮನೆಗೆ ಬಿಡದೆ ತಡೆದು ನಿಲ್ಲಿಸಬೇಕಾಯಿತು. ಯುದ್ಧದಿಂದ ಓಡಿ ಬಂದವರನ್ನು ಒಂದು ಕಾಗದಕ್ಕಾಗಿ ತಡೆಯುವುದು ಕ್ರೌರ್ಯವಾಗಿ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಬಾಗಿಲಲ್ಲಿ ನಿಂತ ಅಧಿಕಾರಿಯು ಕಾಯುತ್ತಿದ್ದುದು ಕಾಗದವನ್ನಲ್ಲ, ಪಕ್ಷಿರಾಜಪುರದಂಥ ಹಾಡಿಗಳಲ್ಲಿ ಅವರಿಗಾಗಿ ಎದುರು ನೋಡುತ್ತಿದ್ದ ಮಕ್ಕಳನ್ನು ಎಂಬುದನ್ನು ಯೋಚಿಸಿದಾಗ ಆ ತಡೆಯ ಅರ್ಥ ಬೇರೆಯಾಗುತ್ತದೆ.

ಇದೆಲ್ಲ ಬರಿಯ ಊಹೆಯ ಭಯವೇ? ಅಲ್ಲವೆನ್ನಲು ನಮ್ಮ ರಾಜ್ಯದ ಕಾಡೇ ಸಾಕ್ಷಿ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಅದರ ಬೆನ್ನಿಗೆ ಕಾಡಂಚಿನ ಹಳ್ಳಿಗಳ ಜನರು ಜ್ವರದಿಂದ ಮಲಗಿದರು. ಮಂಗ ಸಾಯುವುದೂ ಮನುಷ್ಯನಿಗೆ ಜ್ವರ ಬರುವುದೂ ಜೊತೆಜೊತೆಯಾಗಿ ನಡೆಯುವುದು ಕಾಡಿನ ಹಳದಿ ಜ್ವರದ ಲಕ್ಷಣ. ಕೊನೆಗೂ ಅದು ಭಾರತಕ್ಕೆ ಬಂದೇಬಿಟ್ಟಿತೆ ಎಂಬ ಶಂಕೆ ಹುಟ್ಟಿತು. ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದು ಪರೀಕ್ಷಿಸಿದರು. ಅದು ಹಳದಿ ಜ್ವರವಾಗಿರಲಿಲ್ಲ. ಅದೇ ಕುಲಕ್ಕೆ ಸೇರಿದ, ಉಣ್ಣೆಗಳಿಂದ ಹರಡುವ, ಲೋಕಕ್ಕೆ ಹೊಸದಾದ ಒಂದು ವೈರಸ್ಸಾಗಿತ್ತು. ನಾವು ಮಂಗನ ಕಾಯಿಲೆ ಎನ್ನುವ ಆ ರೋಗಕ್ಕೆ ವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಕ್ಯಾಸನೂರು ಕಾಡಿನ ಹೆಸರೇ ಇದೆ. ೨೦೧೨ರ ಕೊನೆಯಲ್ಲಿ ಅದು ನಮ್ಮ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಕಾಡಿನಲ್ಲಿಯೂ ಕಾಣಿಸಿಕೊಂಡಿತು. ಸತ್ತ ಮಂಗಗಳ ದೇಹಗಳನ್ನು ಸಾಗಿಸಿದ ಕೆಲಸಗಾರರು ಕಾಯಿಲೆ ಬಿದ್ದರು. ಸೋಲಿಗರ ಪೋಡುಗಳಿರುವ ನಮ್ಮ ಬೆಟ್ಟದ ಸಾಲು ಅಲ್ಲಿಗೆ ದೂರವೇನಲ್ಲ.

ಕ್ಯಾಸನೂರಿನ ಕಾಡಿಗೆ ಉಗಾಂಡದಲ್ಲಿ ಒಬ್ಬ ಅಣ್ಣನಿದ್ದಾನೆ. ನಮ್ಮ ಹುಡುಗನು ಇಳಿಯಬೇಕಾಗಿದ್ದ ಎಂಟೆಬೆ ವಿಮಾನ ನಿಲ್ದಾಣದಿಂದ ಕಂಪಾಲಾಕ್ಕೆ ಹೋಗುವ ದಾರಿಯ ಬಳಿ ಝೀಕಾ ಎಂಬ ಕಾಡಿದೆ. ಅಲ್ಲಿ ಹಳದಿ ಜ್ವರವನ್ನು ಹುಡುಕುತ್ತಿದ್ದ ವಿಜ್ಞಾನಿಗಳು ಮರದ ಮೇಲೆ ಅಟ್ಟಣೆ ಕಟ್ಟಿ, ಪಂಜರದಲ್ಲಿ ಕೋತಿಗಳನ್ನಿಟ್ಟು ಕಾಯುತ್ತಿದ್ದರು. ೧೯೪೭ರಲ್ಲಿ ಅಂಥ ಒಂದು ಕೋತಿಗೆ ಜ್ವರ ಬಂದಾಗ ಅದರ ರಕ್ತದಲ್ಲಿ ಸಿಕ್ಕಿದ್ದು ಬೇರೊಂದು ವೈರಸ್ಸು. ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಹಲವು ದಶಕಗಳ ಕಾಲ ಯಾರೂ ಗಮನಿಸದೆ ಇದ್ದ ಝೀಕಾ, ಪ್ರಯಾಣಿಕರ ಮೈಯೇರಿ ಕಡಲುಗಳನ್ನು ದಾಟಿತು. ೨೦೨೨ರ ಡಿಸೆಂಬರಿನಲ್ಲಿ ಕರ್ನಾಟಕದ ಮೊದಲ ಪ್ರಕರಣವಾಗಿ ರಾಯಚೂರು ಜಿಲ್ಲೆಯ ಒಬ್ಬ ಬಾಲಕಿಯಲ್ಲಿ ಪತ್ತೆಯಾಯಿತು. ಅದನ್ನು ಹರಡುವುದು ಅದೇ ಈಡಿಸ್ ಸೊಳ್ಳೆ. ಝೀಕಾಕ್ಕೆ ಲಸಿಕೆಯಿಲ್ಲ, ಆದ್ದರಿಂದ ಚೀಟಿಯೂ ಇಲ್ಲ. ಹಳದಿ ಜ್ವರಕ್ಕೆ ಲಸಿಕೆಯಿದೆ, ಚೀಟಿಯಿದೆ. ಇರುವ ಒಂದು ಬಾಗಿಲನ್ನು ದುಡ್ಡು ಕೊಟ್ಟು ತೆಗೆದಿಡುವುದು ಸರಿಯೆ ಎಂದು ಹುಡುಗನನ್ನು ಕೇಳಿದೆನು. ಅವನು ಸುಮ್ಮನಿದ್ದನು.

ಅಜ್ಜಿಯ ಪ್ರಶ್ನೆ ಇನ್ನೂ ಉಳಿದಿತ್ತು. ಚೆನ್ನಾಗಿರುವ ಮೈಗೆ ಸೂಜಿ ಏಕೆ? ಇದಕ್ಕೆ ಉತ್ತರ ನಮ್ಮ ಊರಿನ ಚರಿತ್ರೆಯಲ್ಲಿಯೇ ಉಂಟು.

ಸಂಚಿಯ ಹೊನ್ನಮ್ಮನ ತವರೆಂದು ಸಾಹಿತ್ಯಪ್ರಿಯರಿಗೆ ಪರಿಚಿತವಾದ ಯಳಂದೂರು, ೧೮೦೭ರಿಂದ ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಊರು. ಅವರು ೧೭೯೯ರಿಂದ ೧೮೧೧ರವರೆಗೆ ಮೈಸೂರಿನ ಆಡಳಿತವನ್ನು ನಡೆಸಿದ ಕಾಲದಲ್ಲಿಯೇ ಸಿಡುಬಿಗೆ ದಾಕು ಹಾಕುವ ಪದ್ಧತಿ ಈ ಸೀಮೆಗೆ ಕಾಲಿಟ್ಟಿತು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರನು ೧೭೯೬ರಲ್ಲಿ ತೋರಿಸಿಕೊಟ್ಟ ಈ ವಿದ್ಯೆ ಭಾರತಕ್ಕೆ ಬಂದ ಬಗೆಯೇ ಒಂದು ಪ್ರಯಾಣದ ಕಥೆ. ಆಗ ಮದ್ದನ್ನು ತಣ್ಣಗಿಡುವ ಪೆಟ್ಟಿಗೆಗಳಿರಲಿಲ್ಲ. ಬಿಸಿಲಿನ ಹಾದಿಯಲ್ಲಿ ಅದು ಸತ್ತ್ವಗೆಡುತ್ತಿತ್ತು. ಅದನ್ನು ಜೀವಂತವಾಗಿ ಒಯ್ಯಲು ಮನುಷ್ಯನ ತೋಳೇ ಪಾತ್ರೆಯಾಯಿತು. ಒಬ್ಬನ ತೋಳಿನಲ್ಲಿ ದಾಕು ಹಾಕಿ, ಒಂದು ವಾರ ಕಳೆದು ಗುಳ್ಳೆಯೆದ್ದಾಗ ಅದರ ರಸವನ್ನು ಇನ್ನೊಬ್ಬನ ತೋಳಿಗೆ ಹಚ್ಚುವುದು; ಅಲ್ಲಿಂದ ಮತ್ತೊಬ್ಬನಿಗೆ. ವಿಯೆನ್ನಾದಿಂದ ಬಾಗ್ದಾದಿಗೆ, ಅಲ್ಲಿಂದ ಬಸ್ರಾಕ್ಕೆ, ಬಸ್ರಾದಿಂದ ಹಡಗಿನಲ್ಲಿ ಮುಂಬಯಿಗೆ ಹೀಗೆ ಅದು ಬಂದು ಮುಟ್ಟಿತು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ದಾಕು ಹತ್ತಿತು. ಭಾರತದಲ್ಲಿ ಮೊದಲು ಫಲಿಸಿದ್ದು ಅದೇ. ಆ ಮಗುವಿನ ತೋಳಿನಿಂದ ಹೊರಟದ್ದು ಊರಿಂದೂರಿಗೆ, ಮೈಯಿಂದ ಮೈಗೆ ದಾಟುತ್ತ ದಕ್ಷಿಣಕ್ಕೂ ಬಂದಿತು.

ಹಸುವಿನ ಸಿಡುಬಿನ ರಸವನ್ನು, ಯಾರ ಯಾರದೋ ಮೈಯಿಂದ ಬಂದದ್ದನ್ನು ತಮ್ಮ ಮಕ್ಕಳ ಮೈಗೆ ಸೇರಿಸಲು ಜನರು ಹಿಂಜರಿದುದು ಸಹಜವೇ. ಸುಮಾರು ೧೮೦೫ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಮೈಸೂರಿನ ಅರಮನೆಯ ಮೂವರು ಹೆಂಗಸರ ಚಿತ್ರವೊಂದನ್ನು ಬರೆದನು. ಅವರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುವ ಭಂಗಿಯಲ್ಲಿದ್ದಾಳೆ. ಅದು ದಾಕು ಹಾಕಿಸಿಕೊಂಡ ಜಾಗವನ್ನು ತೋರಿಸುವುದಕ್ಕೇ, ರಾಣೀವಾಸದವರೇ ಹಾಕಿಸಿಕೊಂಡಿರುವರೆಂದು ಪ್ರಜೆಗಳಿಗೆ ಧೈರ್ಯ ಹೇಳುವುದಕ್ಕೇ ಎಂದು ಈಚಿನ ಚರಿತ್ರಕಾರರು ಕೆಲವರು ಅಭಿಪ್ರಾಯಪಟ್ಟಿದ್ದಾರೆ. ಆ ಅಭಿಪ್ರಾಯ ಸರಿಯಾಗಿದ್ದರೆ, ಚೆನ್ನಾಗಿರುವ ಮೈಗೆ ಏಕೆಂಬ ಅಜ್ಜಿಯ ಪ್ರಶ್ನೆಗೆ ಎರಡು ಶತಮಾನಗಳ ಹಿಂದೆಯೇ ಅರಮನೆಯೊಂದು ತನ್ನದೇ ತೋಳಿನಿಂದ ಉತ್ತರ ಕೊಟ್ಟಂತಾಯಿತು.

ಮುಂದೆ ಸಿಡುಬಿನ ದಾಕಿಗೂ ಚೀಟಿ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು ೧೯೫೧ರಲ್ಲಿ ಮಾಡಿದ ನಿಯಮಗಳ ಮೇಲೆ, ಕಡಲು ದಾಟುವವರಿಂದ ಸಿಡುಬು, ಕಾಲರಾ, ಹಳದಿ ಜ್ವರಗಳಿಗೆ ಪ್ರಮಾಣಪತ್ರ ಕೇಳುವುದು ರೂಢಿಯಲ್ಲಿತ್ತು. ಆ ಕಾಲದಲ್ಲಿ ವಿದೇಶಕ್ಕೆ ಓದಲು ಹೋದ ನಮ್ಮ ಹಿರಿಯ ಅಧ್ಯಾಪಕರ ಪೆಟ್ಟಿಗೆಗಳಲ್ಲಿ ಆ ಚೀಟಿಗಳು ಈಗಲೂ ಸಿಕ್ಕಬಹುದು. ಅದು ಬೇಡದ ಕಟ್ಟಳೆಯಾಗಿರಲಿಲ್ಲ. ೧೯೭೨ರಲ್ಲಿ ಇರಾಕಿಗೆ ಯಾತ್ರೆ ಹೋಗಿದ್ದ ಒಬ್ಬನು ಯುಗೊಸ್ಲಾವಿಯದ ತನ್ನ ಊರಿಗೆ ಮರಳಿದನು. ಅವನಿಗೆ ಬಂದದ್ದು ಅಲ್ಪ ಜ್ವರ, ಅವನು ಬದುಕಿದನು. ಅವನಿಂದ ಮೊದಲಾದ ಸಿಡುಬು ೧೭೫ ಜನರಿಗೆ ತಗಲಿ ೩೫ ಜನರನ್ನು ಬಲಿ ತೆಗೆದುಕೊಂಡಿತು. 'ನನಗೆ ಬಂದರೆ ಅದು ನನ್ನ ಪಾಡು' ಎಂಬ ಮಾತು ನಿಲ್ಲದೆ ಹೋಗುವುದು ಇಲ್ಲಿಯೇ. ರೋಗವು ತಂದವನನ್ನು ಬಿಟ್ಟು, ಅವನನ್ನು ಎದುರುಗೊಂಡವರನ್ನು ಹಿಡಿಯಬಹುದು.

ಆದರೆ ಆ ಚೀಟಿಯ ಕಥೆ ಸಂತೋಷದಲ್ಲಿ ಮುಗಿಯಿತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು ೧೯೭೫ರ ಮೇ ತಿಂಗಳಲ್ಲಿ. ೧೯೮೦ರ ಮೇ ೮ರಂದು ಆ ರೋಗ ಭೂಮಿಯ ಮೇಲಿಂದಲೇ ಅಳಿದುಹೋಯಿತೆಂದು ಸಾರಲಾಯಿತು. ಬಳಿಕ ಸಿಡುಬಿನ ಚೀಟಿಯನ್ನು ಯಾವ ದೇಶವೂ ಕೇಳುವ ಕಾರಣ ಉಳಿಯಲಿಲ್ಲ. ರೋಗ ಸತ್ತಾಗ ಚೀಟಿಯೂ ಸತ್ತಿತು.

ಇಷ್ಟನ್ನು ಹೇಳಿ, "ಅವ್ವ, ನಿಮ್ಮ ತೋಳು ತೋರಿಸಿ" ಎಂದೆನು. ಆಕೆ ಬೆರಗಾಗಿ ಎಡತೋಳನ್ನು ಮುಂದೆ ಚಾಚಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಕಾಸಿನಗಲದ ಎರಡು ದುಂಡು ಕಲೆಗಳು ದೀಪದ ಬೆಳಕಿನಲ್ಲಿ ಮಿನುಗಿದವು. "ಇದು ಎಂದು ಹಾಕಿಸಿದ್ದು?" ಎಂದು ಕೇಳಿದೆನು.

ಆಕೆ ಆ ಕಲೆಯನ್ನು ಬೆರಳಿನಿಂದ ಸವರಿಕೊಳ್ಳುತ್ತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ನನ್ ತಂಗಿಗೆ ಹಾಕ್ಸಿರ್ಲಿಲ್ಲ ಮೇಷ್ಟ್ರೇ. ದಾಕಿನೋರು ಬಂದಾಗ ನಮ್ಮವ್ವ ಅವಳ್ನ ಕಣಜದ ಹಿಂದೆ ಬಚ್ಚಿಟ್ಬುಟ್ಳು, ಎಳೇ ಕೂಸು ಅಂತ. ನನ್ನ ಹಿಡ್ಕೊಂಡ್ರು. ಆ ವರ್ಷ ಅಮ್ಮ ಬಂದ್ಲು. ನಾನು ಉಳ್ಕೊಂಡೆ." ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದ ನನಗೆ ಆಕೆಗೊಬ್ಬ ತಂಗಿಯಿದ್ದ ಸಂಗತಿಯೇ ತಿಳಿದಿರಲಿಲ್ಲ. ಮೊಮ್ಮಗನಿಗೂ ತಿಳಿದಿರಲಿಲ್ಲವೆಂದು ಅವನ ಮುಖ ಹೇಳುತ್ತಿತ್ತು. ಆಕೆ ಸೆರಗನ್ನು ಸರಿಮಾಡಿಕೊಂಡು ಏಳುತ್ತ, "ಟಿಕೀಟು ಹೋದ್ರೆ ಹೋಗ್ಲಿ ಮಗ. ಸೂಜಿ ಹಾಕಿಸ್ಕೊಂಡೇ ಹೋಗು" ಎಂದಳು.

ಪ್ರಯಾಣ ಎರಡು ವಾರ ಮುಂದಕ್ಕೆ ಹೋಯಿತು. ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ನಷ್ಟವಾಯಿತು. ಕೆಲಸ ಕೊಟ್ಟವರು ಕಾರಣ ಕೇಳಿ ಒಪ್ಪಿಕೊಂಡರು. ಹಳದಿ ಜ್ವರದ ಚುಚ್ಚುಮದ್ದನ್ನು ಎಲ್ಲ ಆಸ್ಪತ್ರೆಗಳಲ್ಲಿಯೂ ಹಾಕುವುದಿಲ್ಲ. ಸರ್ಕಾರವು ಗೊತ್ತುಮಾಡಿರುವ ಕೆಲವೇ ಕೇಂದ್ರಗಳಲ್ಲಿ ಹಾಕುತ್ತಾರೆ. ಮದ್ದಿನ ಶೀಷೆಯನ್ನು ತೆರೆದರೆ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕಾಗುವುದರಿಂದ ಮೊದಲೇ ಹೆಸರು ಬರೆಸಿ, ಅವರು ಹೇಳಿದ ದಿನ ಪಾಸ್‌ಪೋರ್ಟಿನೊಡನೆ ಹೋಗಬೇಕು. ಹುಡುಗ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬಂದನು. ಎರಡು ದಿನ ತೋಳು ನೊಂದಿತು, ಸಣ್ಣಗೆ ಮೈ ಕಾದಿತು, ಅಷ್ಟೆ.

ದೊರೆತ ಸಮಯದಲ್ಲಿ ಅವನು ಮಾಡಿದ ಇನ್ನೊಂದು ಕೆಲಸ, ತಿಳಿದ ವೈದ್ಯರೊಬ್ಬರ ಬಳಿ ಕುಳಿತು ಸಾವಧಾನವಾಗಿ ಮಾತಾಡಿದುದು. ಇದನ್ನು ಪ್ರಯಾಣಕ್ಕೆ ನಾಲ್ಕರಿಂದ ಆರು ವಾರ ಮೊದಲೇ ಮಾಡುವುದು ಲೇಸು. ಕೆಲವು ಲಸಿಕೆಗಳನ್ನು ಒಂದಕ್ಕಿಂತ ಹೆಚ್ಚು ಸಲ ಹಾಕಬೇಕಾಗುತ್ತದೆ. ವೈದ್ಯರು ಅವನ ಹಳೆಯ ಲಸಿಕೆಗಳ ಲೆಕ್ಕ ಕೇಳಿದರು. ಧನುರ್ವಾಯುವಿಗೂ ವಿಷಮಶೀತ ಜ್ವರಕ್ಕೂ ಹೊಸದಾಗಿ ಹಾಕಿದರು. ಚುಚ್ಚುಮದ್ದು ಎಲ್ಲಕ್ಕೂ ತಾಯಿತವಲ್ಲವೆಂದು ಎಚ್ಚರಿಸಿದರು. ಉಗಾಂಡದಲ್ಲಿ ಮಲೇರಿಯದ ಹಾವಳಿ ಬಹಳ. ಅದಕ್ಕೆ ಹೊರಡುವ ಮುಂಚಿನಿಂದಲೇ ಮಾತ್ರೆ ನುಂಗಬೇಕು, ಹಿಂದಿರುಗಿದ ಮೇಲೂ ಹೇಳಿದಷ್ಟು ದಿನ ಬಿಡದೆ ನುಂಗಬೇಕು. ರಾತ್ರಿ ಸೊಳ್ಳೆಪರದೆಯೊಳಗೆ ಮಲಗಬೇಕು. ಕುದಿಸಿದ ನೀರು ಕುಡಿಯಬೇಕು. ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತನ್ನು ಅವರು ಕೊನೆಗೆ ಹೇಳಿದರಂತೆ: ಊರಿಗೆ ಮರಳಿದ ವಾರಗಳ ಅಥವಾ ತಿಂಗಳುಗಳ ಮೇಲೆ ಜ್ವರ ಬಂದರೂ, ನೋಡುವ ವೈದ್ಯರಿಗೆ 'ನಾನು ಆಫ್ರಿಕದಿಂದ ಬಂದವನು' ಎಂದು ಮೊದಲು ಹೇಳಬೇಕು. ಆ ಒಂದು ವಾಕ್ಯವನ್ನು ಮರೆತದ್ದರಿಂದ ಹೋದ ಪ್ರಾಣಗಳುಂಟು.

ಈ ಲಸಿಕೆ ಎಲ್ಲರಿಗೂ ಒಗ್ಗುವುದಿಲ್ಲವೆಂಬುದನ್ನೂ ಹೇಳಬೇಕು. ಇದು ದುರ್ಬಲಗೊಳಿಸಿದ, ಆದರೆ ಜೀವಂತವಾದ ವೈರಸ್ಸಿನಿಂದಾದುದು, ಕೋಳಿಮೊಟ್ಟೆಯಲ್ಲಿ ಬೆಳೆಸಿದುದು. ಒಂಬತ್ತು ತಿಂಗಳು ತುಂಬದ ಕೂಸುಗಳು, ಗರ್ಭಿಣಿಯರು, ಮೊಟ್ಟೆ ಒಗ್ಗದವರು, ರೋಗನಿರೋಧಕ ಶಕ್ತಿ ಕುಂದಿದವರು, ಅರುವತ್ತು ವರ್ಷ ದಾಟಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಹಾಕಬಾರದೆಂದು ವೈದ್ಯರು ಕಂಡರೆ ಅದಕ್ಕೂ ಬರವಣಿಗೆಯಲ್ಲಿ ಪತ್ರ ಕೊಡುವ ಕ್ರಮವಿದೆ. ನಿಜವಾದ ಅಡ್ಡಿಗೆ ನ್ಯಾಯವಾದ ದಾರಿ ಇರುವಾಗ ಸುಳ್ಳು ಮುದ್ರೆಯ ಅಗತ್ಯವೆಲ್ಲಿ?

ಹೊರಡುವ ದಿನ ಅಜ್ಜಿ ಆ ಚೀಟಿಯನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದಳು. ಆಕೆಗೆ ಓದು ಬಾರದು. "ಇಷ್ಟೇನಾ?" ಎಂದಳು. ಇಷ್ಟೇ ಎಂದೆನು. ಬೆಟ್ಟದಿಂದ ತಂದ ಕುಂಕುಮದ ಪೊಟ್ಟಣವನ್ನೂ ಆ ಚೀಟಿಯನ್ನೂ ಒಂದ�ೇ ಲಕೋಟೆಯಲ್ಲಿಟ್ಟು ಮೊಮ್ಮಗನ ಅಂಗಿಯ ಜೇಬಿಗೆ ತುರುಕಿದಳು. ರಂಗಪ್ಪನ ಹರಕೆ ಹೋಗುವ ದಾರಿಗೆ, ಈ ಚೀಟಿ ಬರುವ ದಾರಿಗೆ ಎಂದು ಆಕೆ ಭಾವಿಸಿದ್ದಳೋ ಏನೋ. ಬಸ್ಸು ಬಳೇಮಂಟಪದ ಕಡೆಗೆ ತಿರುಗಿ ಕಣ್ಮರೆಯಾದ ಮೇಲೆಯೂ ಆಕೆ ಬಲಗೈಯಿಂದ ಎಡತೋಳನ್ನು ಹಿಡಿದುಕೊಂಡು ಬಾಗಿಲಲ್ಲಿಯೇ ನಿಂತಿದ್ದಳು.